ಮೂರು ಬಿಂದು ಒಂದೇ ಗೆರೆಗೆ ಬರಬಾರದು: ಷರತ್ತು ಇಷ್ಟೇ, ಪಟ್ಟಿ ಮಾತ್ರ ಇನ್ನೂ ಮುಗಿದಿಲ್ಲ

ಖಾಲಿ ಹಾಳೆಯ ಮೇಲೆ ಬಿಂದು ಇಡುತ್ತಾ ಹೋಗಿ. ಷರತ್ತು ಒಂದೇ: ಯಾವ ಮೂರು ಬಿಂದುಗಳೂ ಒಂದೇ ನೇರ ಗೆರೆಯ ಮೇಲೆ ಬರಬಾರದು. ಎಷ್ಟು ಇಡಬಹುದು? ಮಾಮೂಲಿ ಹಾಳೆಯಲ್ಲಿ ಇದು ಪ್ರಶ್ನೆಯೇ ಅಲ್ಲ. ಒಂದು ವೃತ್ತ ಎಳೆದು ಅದರ ಮೇಲೆ ಬೇಕಾದಷ್ಟು ಬಿಂದು ಇಡಿ, ಯಾವ ಗೆರೆಯೂ ವೃತ್ತವನ್ನು ಎರಡಕ್ಕಿಂತ ಜಾಸ್ತಿ ಕಡೆ ಕತ್ತರಿಸುವುದಿಲ್ಲ, ಅಲ್ವಾ? ಆದರೆ ಇಡೀ ಹಾಳೆಯಲ್ಲಿ ಇರುವುದೇ 7 ಬಿಂದು ಅಥವಾ 31 ಅಥವಾ 273 ಅಂತಾದರೆ ಆಟವೇ ಬೇರೆ. ಆಗ ಎಷ್ಟು ಇಡಬಹುದು ಅನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಅಷ್ಟು ಬಿಂದುಗಳನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ಇಡಬಹುದು? ನನ್ನ ಮಟ್ಟಿಗೆ ಗಣಿತದಲ್ಲಿ ಇಷ್ಟು ಸುಲಭವಾಗಿ ಕೇಳಿ, ಇಷ್ಟು ಆಳಕ್ಕೆ ಎಳೆದುಕೊಂಡು ಹೋಗುವ ಪ್ರಶ್ನೆಗಳು ಕಡಿಮೆ.

ಮೊದಲು ಆ ಹಾಳೆ ಯಾವುದು ಅಂತ ನೋಡೋಣ. ಹುಬ್ಬಳ್ಳಿ-ಧಾರವಾಡದ ಏಳು ಜಾಗ ತಗೊಳ್ಳಿ: 1 ಚನ್ನಮ್ಮ ಸರ್ಕಲ್, 2 ಕೇಶ್ವಾಪುರ, 3 ವಿದ್ಯಾನಗರ, 4 ಉಣಕಲ್, 5 ನವನಗರ, 6 ಸಪ್ತಾಪುರ, 7 ಜುಬಿಲಿ ಸರ್ಕಲ್. ಇವುಗಳ ನಡುವೆ ಏಳು ಬಸ್ ಓಡಿಸಬೇಕು, ಒಂದೊಂದು ಬಸ್ಸಿಗೂ ಮೂರೇ ನಿಲ್ದಾಣ. ಯಾವ ಎರಡು ಜಾಗ ತಗೊಂಡರೂ ಅವೆರಡನ್ನೂ ಮುಟ್ಟುವ ಬಸ್ ಒಂದೇ ಒಂದು ಇರಬೇಕು. ಯಾವ ಎರಡು ಬಸ್ ತಗೊಂಡರೂ ಅವೆರಡೂ ನಿಲ್ಲುವ ಜಾಗ ಒಂದೇ ಒಂದು ಇರಬೇಕು. ಆಗುತ್ತದಾ? ಆಗುತ್ತದೆ. ಮಾರ್ಗಗಳು ಹೀಗೆ: 1-2-4, 2-3-5, 3-4-6, 4-5-7, 5-6-1, 6-7-2, 7-1-3. ಪೆನ್ನು ತಗೊಂಡು ಪರೀಕ್ಷೆ ಮಾಡಿ. ಸಪ್ತಾಪುರದಿಂದ ಕೇಶ್ವಾಪುರಕ್ಕೆ 6-7-2 ಒಂದೇ ಬಸ್, ಜುಬಿಲಿ ಸರ್ಕಲ್ ಮೇಲೆ ಹೋಗುತ್ತದೆ. ಉಣಕಲ್ಲಿಗೆ ಬರುವ ಬಸ್ಸು ಮೂರು, ಅವು ಮೂರೂ ಸೇರಿ ಉಳಿದ ಆರೂ ಜಾಗಗಳನ್ನು ಮುಟ್ಟುತ್ತವೆ.

ಇದೇ ಫಾನೋ ಸಮತಲ. ಇಟಲಿಯ ಜೀನೋ ಫಾನೋ 1892ರಲ್ಲಿ ಇಂಥ ಸಾಂತ, ಅಂದರೆ ಎಣಿಸಿ ಮುಗಿಸಬಹುದಾದಷ್ಟೇ ಬಿಂದುಗಳಿರುವ ರೇಖಾಗಣಿತದ ಬಗ್ಗೆ ಬರೆದ. ಜಾಗದ ಬದಲು ಬಿಂದು ಅನ್ನಿ, ಬಸ್ಸಿನ ಬದಲು ಗೆರೆ ಅನ್ನಿ, ಸಾಂತ ಪ್ರೊಜೆಕ್ಟಿವ್ ಸಮತಲ ಸಿಕ್ಕಿತು. ಇಲ್ಲಿ ಸಮಾಂತರ ಗೆರೆಗಳೇ ಇಲ್ಲ, ಯಾವ ಎರಡು ಗೆರೆಯಾದರೂ ಎಲ್ಲೋ ಒಂದು ಕಡೆ ಸೇರಲೇಬೇಕು. ದೊಡ್ಡ ಸಮತಲಗಳೂ ಇವೆ. ಒಂದು ಗೆರೆಯ ಮೇಲೆ ಕ್ಯೂ+1 ಬಿಂದು ಇದ್ದರೆ ಆ ಸಮತಲದ ದರ್ಜೆ ಕ್ಯೂ ಅನ್ನುತ್ತಾರೆ. ಒಂದು ಬಿಂದುವಿನ ಮೂಲಕ ಕ್ಯೂ+1 ಗೆರೆ ಹೋಗುತ್ತವೆ, ಒಂದೊಂದರಲ್ಲೂ ಬೇರೆ ಕ್ಯೂ ಬಿಂದು. ಹಾಗಾಗಿ ಒಟ್ಟು ಬಿಂದು ಕ್ಯೂ²+ಕ್ಯೂ+1. ದರ್ಜೆ 2ಕ್ಕೆ 7, ದರ್ಜೆ 5ಕ್ಕೆ 31, ದರ್ಜೆ 16ಕ್ಕೆ 273.

ಎಲ್ಲಾ ದರ್ಜೆಗೂ ಸಮತಲ ಸಿಗುವುದಿಲ್ಲ. 2, 3, 4, 5, 7, 8, 9ಕ್ಕೆ ಇದೆ, 6ಕ್ಕೆ ಇಲ್ಲ. 10ಕ್ಕೆ ಇಲ್ಲ ಅಂತ ತೋರಿಸಲು ಲ್ಯಾಮ್, ಥೀಲ್ ಮತ್ತು ಸ್ವಿಯರ್ಜ್ 1989ರಲ್ಲಿ ಕಂಪ್ಯೂಟರನ್ನೇ ನಂಬಬೇಕಾಯಿತು. 12ಕ್ಕೆ ಇದೆಯೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅದು ಬೇರೆಯೇ ಕಥೆ. ನಾವಿಲ್ಲಿ ಕ್ಷೇತ್ರದಿಂದ, ಅಂದರೆ ಕೂಡಿ ಕಳೆದು ಗುಣಿಸಿ ಭಾಗಿಸಲು ಬರುವ ಕ್ಯೂ ಸಂಖ್ಯೆಗಳ ಗುಂಪಿನಿಂದ ಕಟ್ಟಿದ ಸಮತಲಗಳಲ್ಲೇ ಇರೋಣ.

ಈಗ ನಮ್ಮ ಷರತ್ತು. ಮೂರು ಒಂದೇ ಗೆರೆಗೆ ಬಾರದ ಬಿಂದುಗಳ ಗುಂಪಿಗೆ ಆರ್ಕ್ ಅಂತ ಹೆಸರು. ಏಳು ಬಿಂದುವಿನ ಸಮತಲದಲ್ಲಿ 3, 5, 6, 7 ತಗೊಳ್ಳಿ, ಅಂದರೆ 1-2-4 ಗೆರೆಯನ್ನು ಬಿಟ್ಟು ಉಳಿದದ್ದು. ಉಳಿದ ಆರು ಗೆರೆಗಳನ್ನೂ ಒಂದೊಂದಾಗಿ ನೋಡಿದರೆ ಪ್ರತಿಯೊಂದರಲ್ಲೂ ಈ ನಾಲ್ಕರಲ್ಲಿ ಸರಿಯಾಗಿ ಎರಡೇ ಬಿಂದು ಬರುತ್ತವೆ. ನಾಲ್ಕು ಆಯಿತು. ಐದು ಆಗುತ್ತದಾ?

ಆಗುವುದಿಲ್ಲ, ಕಾರಣವೂ ಸರಳ. ಆರ್ಕಿನ ಒಂದು ಬಿಂದುವಿನ ಮೇಲೆ ನಿಂತು ಸುತ್ತ ನೋಡಿ. ಅಲ್ಲಿಂದ ಕ್ಯೂ+1 ಗೆರೆ ಹೊರಡುತ್ತವೆ, ಒಂದೊಂದರಲ್ಲೂ ಆರ್ಕಿನ ಇನ್ನೊಂದು ಬಿಂದು ಮಾತ್ರ ಇರಬಹುದು. ಹಾಗಾಗಿ ಜಾಸ್ತಿ ಅಂದರೆ ಕ್ಯೂ+2. ದರ್ಜೆ 2ರಲ್ಲಿ 4, ಅದು ಸಿಕ್ಕೇಬಿಟ್ಟಿತು.

ಆದರೆ ಕ್ಯೂ ಬೆಸ ಸಂಖ್ಯೆ ಆಗಿದ್ದರೆ ಕ್ಯೂ+2 ಕೈಗೆ ಸಿಗುವುದಿಲ್ಲ. ಯಾಕೆ? ಕ್ಯೂ+2 ಬಿಂದು ಇದ್ದರೆ ಮೇಲಿನ ಲೆಕ್ಕದಲ್ಲಿ ಒಂದು ಗೆರೆಯೂ ಖಾಲಿ ಹೋಗುವಂತಿಲ್ಲ, ಅಂದರೆ ಆರ್ಕನ್ನು ಮುಟ್ಟುವ ಪ್ರತಿ ಗೆರೆಯೂ ಎರಡು ಬಿಂದುವಿನಲ್ಲೇ ಮುಟ್ಟಬೇಕು. ಈಗ ಆರ್ಕಿನ ಹೊರಗೆ ಒಂದು ಬಿಂದು ಹಿಡಿದು ನೋಡಿ. ಅದರ ಮೂಲಕ ಹೋಗುವ ಗೆರೆಗಳು ಆರ್ಕಿನ ಬಿಂದುಗಳನ್ನು ಜೋಡಿ ಜೋಡಿಯಾಗಿ ಹಂಚಿಕೊಳ್ಳುತ್ತವೆ, ಒಂಟಿ ಬಿಂದು ಉಳಿಯುವುದಿಲ್ಲ. ಹಾಗಾದರೆ ಕ್ಯೂ+2 ಸಮ ಸಂಖ್ಯೆ ಆಗಲೇಬೇಕು, ಕ್ಯೂ ಕೂಡ. ಮುಗಿಯಿತು. ಬೆಸ ದರ್ಜೆಗೆ ಗರಿಷ್ಠ ಕ್ಯೂ+1, ಸಮ ದರ್ಜೆಗೆ ಕ್ಯೂ+2. ಕ್ಯೂ+1 ಬಿಂದುವಿನ ಆರ್ಕಿಗೆ ಓವಲ್ ಅಂತಲೂ ಕ್ಯೂ+2ರದ್ದಕ್ಕೆ ಹೈಪರ್‌ಓವಲ್ ಅಂತಲೂ ಹೆಸರು.

ಈ ಫಲಿತಾಂಶ ಬಂದದ್ದು ಭಾರತದಿಂದ, ಅದೂ ಹೊಲದ ಕಡೆಯಿಂದ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ರಾಜ್ ಚಂದ್ರ ಬೋಸ್ 1947ರಲ್ಲಿ, ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಯೋಗಗಳನ್ನು ಯೋಜಿಸುವ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಸಾಧಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಬ್ಯಾಡಗಿ ಮೆಣಸಿನಕಾಯಿಯ ಪ್ರಯೋಗ ಇಡಬೇಕು ಅಂದುಕೊಳ್ಳಿ. ತಳಿ, ಸಾಲಿನ ಅಂತರ, ಗೊಬ್ಬರ, ನೀರು, ಪ್ರತಿಯೊಂದರಲ್ಲೂ ಮೂರು ಮಟ್ಟ. ಎಲ್ಲಾ ಜೋಡಣೆ ಸೇರಿ 81 ತುಣುಕು ಹೊಲ ಬೇಕು. ಆದರೆ ಒಂದೇ ಥರದ ಎರೆ ಮಣ್ಣು ಸಿಗುವುದು 27 ತುಣುಕಿಗೆ ಮಾತ್ರ, ಹಾಗಾಗಿ ಮೂರು ಕಡೆ ಹಂಚಬೇಕು. ಹಂಚಿದಾಗ ಮಣ್ಣಿನ ವ್ಯತ್ಯಾಸವೂ ಗೊಬ್ಬರದ ಪರಿಣಾಮವೂ ಒಂದರೊಳಗೊಂದು ಬೆರೆತು ಹೋದರೆ ಪ್ರಯೋಗವೇ ದಂಡ. ಒಂದು, ಎರಡು, ಮೂರು ಅಂಶಗಳ ಪರಿಣಾಮ ಯಾವುದೂ ಬೆರೆಯದ ಹಾಗೆ 27ರ ತುಂಡಿನಲ್ಲಿ ಜಾಸ್ತಿ ಅಂದರೆ ಎಷ್ಟು ಅಂಶ ಇಟ್ಟುಕೊಳ್ಳಬಹುದು? ಬೋಸ್ ತೋರಿಸಿದ್ದು: ದರ್ಜೆ 3ರ ಸಮತಲದ ಅತಿ ದೊಡ್ಡ ಆರ್ಕಿನಲ್ಲಿ ಎಷ್ಟು ಬಿಂದುವೋ ಅಷ್ಟು. ಅಂದರೆ 4. ಐದನೆಯ ಅಂಶ ಸೇರಿಸಿದರೆ ಏನೋ ಒಂದು ಬೆರೆಯಲೇಬೇಕು.

ಇನ್ನು ಇಂಥ ಗುಂಪನ್ನು ಕಟ್ಟುವುದು ಹೇಗೆ? ದರ್ಜೆ 5 ತಗೊಳ್ಳೋಣ. ಸಂಖ್ಯೆಗಳು 0, 1, 2, 3, 4 ಮಾತ್ರ. ಲೆಕ್ಕ ಮಾಡಿದ ಮೇಲೆ 5ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು. 25 ಸಾದಾ ಬಿಂದುಗಳು, ಜೊತೆಗೆ ಒಂದೊಂದು ದಿಕ್ಕಿಗೆ ಒಂದರಂತೆ ದೂರದ 6 ಬಿಂದುಗಳು. ಒಂದೇ ದಿಕ್ಕಿನ ಗೆರೆಗಳೆಲ್ಲ ಆ ದಿಕ್ಕಿನ ಬಿಂದುವಿನಲ್ಲಿ ಸೇರುತ್ತವೆ, ದೂರದ ಆರು ಬಿಂದುಗಳೇ ಸೇರಿ ಒಂದು ಗೆರೆ. ಒಟ್ಟು 31. ಈಗ ಶಾಲೆಯಲ್ಲಿ ಕಲಿತ ಪರವಲಯವನ್ನೇ ಇಲ್ಲಿ ಎಳೆಯಿರಿ, ಒಂದು ಸಂಖ್ಯೆ ಮತ್ತು ಅದರ ವರ್ಗ: (0,0), (1,1), (2,4), (3,4), (4,1). ಮೇಲಕ್ಕೆ ಹೋಗುವ ದಿಕ್ಕಿನ ಬಿಂದುವನ್ನೂ ಸೇರಿಸಿದರೆ ಆರು. ಅಂದರೆ ಕ್ಯೂ+1.

ಇದರಲ್ಲಿ ಮೂರು ಯಾಕೆ ಒಂದೇ ಗೆರೆಗೆ ಬರುವುದಿಲ್ಲ ನೋಡಿ. (ಅ, ಅ²) ಮತ್ತು (ಬ, ಬ²) ಸೇರಿಸುವ ಗೆರೆಯ ಇಳಿಜಾರು ಎಷ್ಟು? ಬ²−ಅ² ಅನ್ನು ಬ−ಅ ದಿಂದ ಭಾಗಿಸಿದರೆ ಅ+ಬ. ಮೂರನೆಯ ಬಿಂದು (ಚ, ಚ²) ಅದೇ ಗೆರೆಯಲ್ಲಿ ಇರಬೇಕಾದರೆ ಅ+ಚ ಕೂಡ ಅಷ್ಟೇ ಆಗಬೇಕು, ಅಂದರೆ ಬ ಮತ್ತು ಚ ಒಂದೇ. ನೆಟ್ಟಗೆ ಮೇಲಕ್ಕೆ ಹೋಗುವ ಗೆರೆ ಪರವಲಯದ ಒಂದೇ ಸಾದಾ ಬಿಂದುವನ್ನು ಮುಟ್ಟುತ್ತದೆ, ಹಾಗಾಗಿ ಅಲ್ಲೂ ತೊಂದರೆ ಇಲ್ಲ. ಎರಡು ಸಾಲಿನ ಲೆಕ್ಕ, ಮತ್ತು ಅದು ಯಾವ ಕ್ಷೇತ್ರಕ್ಕಾದರೂ ನಡೆಯುತ್ತದೆ.

ಹಾಗಾದರೆ ಕೋನಿಕ್‌ಗಳು, ಅಂದರೆ ವೃತ್ತ, ಪರವಲಯ ಮುಂತಾದ ಎರಡನೇ ಘಾತದ ಸಮೀಕರಣದ ರೇಖೆಗಳು, ಓವಲ್ ಆಗುತ್ತವೆ. ಉಲ್ಟಾ ಕೇಳಿ ಈಗ: ಓವಲ್ ಆಗಿದ್ದೆಲ್ಲಾ ಕೋನಿಕ್ಕಾ? ಓವಲ್ ಅನ್ನುವುದು ಬರೀ ಎಣಿಕೆಯ ಷರತ್ತು, ಅದರಲ್ಲಿ ಸಮೀಕರಣದ ಮಾತೇ ಇಲ್ಲ. ಎಣಿಕೆಯೊಂದೇ ಸಮೀಕರಣವನ್ನು ಹುಟ್ಟಿಸುತ್ತದೆಯಾ? ಫಿನ್ಲೆಂಡಿನ ಯಾರ್ನೆಫೆಲ್ಟ್ ಮತ್ತು ಕುಸ್ತಾನ್‌ಹೈಮೊ, ದರ್ಜೆ ಬೆಸ ಆಗಿದ್ದರೆ ಹೌದು ಅಂತ ಊಹೆ ಮಾಡಿದರು. ಅದನ್ನು ವಿಮರ್ಶೆ ಮಾಡಿದ ಮಾರ್ಷಲ್ ಹಾಲ್‌ಗೆ ಆ ಊಹೆ ನಂಬುವ ಹಾಗೆ ಕಾಣಲಿಲ್ಲ, ಹಾಗಂತ ಬರೆದೂಬಿಟ್ಟರು. 1955ರಲ್ಲಿ ಇಟಲಿಯ ಬೆನಿಯಾಮಿನೊ ಸೆಗ್ರೆ ಅದನ್ನು ಪೂರ್ತಿ ಸಾಧಿಸಿದರು. ಹಾಲ್ ಅದನ್ನೂ ವಿಮರ್ಶೆ ಮಾಡಿ, ತನ್ನ ಅನುಮಾನವೇ ಸೆಗ್ರೆಗೆ ಸ್ವಲ್ಪ ಪ್ರೇರಣೆ ಆದ ಹಾಗಿದೆ, ಮುಂದಿನ ಅನುಮಾನಗಳೂ ಇಷ್ಟೇ ಫಲ ಕೊಟ್ಟರೆ ಸಂತೋಷ ಅನ್ನುವ ಅರ್ಥದಲ್ಲಿ ಬರೆದರು. ದೊಡ್ಡ ಮನಸ್ಸು.

ಸೆಗ್ರೆಯ ಸಾಧನೆಯ ಬೀಜ ಒಂದು ಚಿಕ್ಕ ಸತ್ಯ. 5ರ ಲೆಕ್ಕದಲ್ಲಿ 1×2×3×4 ಅಂದರೆ 24, ಶೇಷ 4, ಅಂದರೆ −1. ಯಾವ ಸಾಂತ ಕ್ಷೇತ್ರದಲ್ಲೂ ಸೊನ್ನೆ ಬಿಟ್ಟು ಉಳಿದ ಎಲ್ಲಾ ಸಂಖ್ಯೆಗಳ ಗುಣಲಬ್ಧ −1 ಆಗುತ್ತದೆ. ಓವಲ್‌ನ ಮೂರು ಬಿಂದು ಹಿಡಿದು ತ್ರಿಕೋನ ಮಾಡಿ. ಒಂದೊಂದು ಮೂಲೆಯಿಂದಲೂ ಹೊರಡುವ ಕ್ಯೂ+1 ಗೆರೆಗಳಲ್ಲಿ ಎರಡು ತ್ರಿಕೋನದ ಬದಿ, ಒಂದು ಸ್ಪರ್ಶಕ (ಓವಲ್ಲನ್ನು ಆ ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ), ಉಳಿದ ಕ್ಯೂ−2 ಗೆರೆಗಳು ಓವಲ್‌ನ ಬೇರೆ ಬಿಂದುಗಳಿಗೆ ಹೋಗುತ್ತವೆ. ಬದಿಗಳನ್ನು ಬಿಟ್ಟು ಉಳಿದವುಗಳ ಇಳಿಜಾರುಗಳನ್ನು ಗುಣಿಸಿದರೆ −1. ಮೂರೂ ಮೂಲೆಯ ಲೆಕ್ಕವನ್ನು ಒಟ್ಟಿಗೆ ಇಟ್ಟಾಗ ಬೇರೆ ಬಿಂದುಗಳಿಗೆ ಹೋಗುವ ಗೆರೆಗಳೆಲ್ಲ ಒಂದನ್ನೊಂದು ಹೊಡೆದು ಹಾಕಿ, ಕೊನೆಗೆ ಮೂರು ಸ್ಪರ್ಶಕಗಳ ನಡುವೆ ಒಂದು ಬಿಗಿಯಾದ ಸಂಬಂಧ ಉಳಿಯುತ್ತದೆ. ಆ ಸಂಬಂಧ ಎಲ್ಲಾ ತ್ರಿಕೋನಗಳಿಗೂ ನಿಲ್ಲಬೇಕು ಅಂದಾಗ ಓವಲ್‌ಗೆ ಕೋನಿಕ್ ಆಗುವುದು ಬಿಟ್ಟು ಬೇರೆ ದಾರಿ ಇಲ್ಲ. ಹಾಗಾಗಿ ಬೆಸ ದರ್ಜೆಯಲ್ಲಿ ಓವಲ್‌ಗಳ ಪಟ್ಟಿಯಲ್ಲಿ ಇರುವುದು ಒಂದೇ ಹೆಸರು. ದರ್ಜೆ 5ರಲ್ಲಿ ಒಟ್ಟು 3100 ಓವಲ್ ಇವೆ, ಎಲ್ಲವೂ ಕೋನಿಕ್.

ಸಮ ದರ್ಜೆಗೆ ಬಂದರೆ ನಿಜವಾದ ಕಾಡು ಶುರು.

ಅಲ್ಲಿನ ಕ್ಷೇತ್ರಗಳ ಗಾತ್ರ 2ರ ಘಾತಗಳೇ (2, 4, 8, 16, 32...), ಅವುಗಳಲ್ಲಿ 1+1 ಅಂದರೆ 0. ನಮ್ಮ ಪರವಲಯದ ಸ್ಪರ್ಶಕದ ಇಳಿಜಾರು 2ಅ ಅಂತ ಪಿಯುಸಿಯಲ್ಲೇ ಕಲಿತಿದ್ದೇವೆ. ಆದರೆ ಇಲ್ಲಿ 2 ಅಂದರೆ 0. ಅಂದರೆ ಎಲ್ಲಾ ಬಿಂದುವಿನಲ್ಲೂ ಸ್ಪರ್ಶಕದ ಇಳಿಜಾರು ಸೊನ್ನೆ, ಎಲ್ಲಾ ಸ್ಪರ್ಶಕಗಳೂ ಅಡ್ಡಡ್ಡ ಗೆರೆಗಳು, ಎಲ್ಲವೂ ದೂರದಲ್ಲಿ ಒಂದೇ ಬಿಂದುವಿನಲ್ಲಿ ಸೇರುತ್ತವೆ! ದೂರದ ಬಿಂದುಗಳ ಗೆರೆ ಕೂಡ ಪರವಲಯಕ್ಕೆ ಸ್ಪರ್ಶಕವೇ, ಅದೂ ಅಲ್ಲಿಗೇ ಬರುತ್ತದೆ. ಆ ಬಿಂದುವಿಗೆ ನ್ಯೂಕ್ಲಿಯಸ್ ಅನ್ನುತ್ತಾರೆ. ಅದನ್ನೂ ಸೇರಿಸಿಕೊಂಡರೆ ಕ್ಯೂ+2 ಆಯಿತು, ಹೈಪರ್‌ಓವಲ್ ಸಿಕ್ಕಿತು.

ಇದು ಪರವಲಯಕ್ಕೆ ಮಾತ್ರ ಅಲ್ಲ, ಸಮ ದರ್ಜೆಯ ಯಾವ ಓವಲ್‌ಗಾದರೂ ಹೀಗೇ, ಬರೀ ಎಣಿಕೆಯಿಂದಲೇ ತೋರಿಸಬಹುದು. ಓವಲ್‌ನಲ್ಲಿ ಬೆಸ ಸಂಖ್ಯೆಯ ಬಿಂದುಗಳಿವೆ. ಹೊರಗಿನ ಬಿಂದುವಿನಿಂದ ಹೋಗುವ ಗೆರೆಗಳು ಅವನ್ನು ಎರಡೆರಡಾಗಿ ಇಲ್ಲವೇ ಒಂದೊಂದಾಗಿ ಮುಟ್ಟುತ್ತವೆ, ಹಾಗಾಗಿ ಅಲ್ಲಿಂದ ಒಂದಾದರೂ ಸ್ಪರ್ಶಕ ಇರಲೇಬೇಕು. ಈಗ ಓವಲ್ಲನ್ನು ಎರಡು ಕಡೆ ಕತ್ತರಿಸುವ ಒಂದು ಗೆರೆ ತಗೊಳ್ಳಿ. ಅದರ ಮೇಲೆ ಕ್ಯೂ+1 ಬಿಂದು, ಪ್ರತಿಯೊಂದಕ್ಕೂ ಒಂದಾದರೂ ಸ್ಪರ್ಶಕ. ಒಟ್ಟು ಇರುವ ಸ್ಪರ್ಶಕಗಳೂ ಕ್ಯೂ+1. ಹಾಗಾಗಿ ತಲಾ ಒಂದೇ ಒಂದು. ಅಂದಮೇಲೆ ಎರಡು ಸ್ಪರ್ಶಕ ಸೇರುವ ಬಿಂದುವಿನ ಮೂಲಕ ಕತ್ತರಿಸುವ ಗೆರೆ ಯಾವುದೂ ಹೋಗುವಂತಿಲ್ಲ, ಅಲ್ಲಿಂದ ಓವಲ್‌ಗೆ ಹೋಗುವ ಗೆರೆಗಳೆಲ್ಲ ಸ್ಪರ್ಶಕಗಳೇ. ಇಷ್ಟೇ.

ಇಲ್ಲಿ ಪಟ್ಟಿಯ ಪ್ರಶ್ನೆ ಜೀವ ಪಡೆಯುತ್ತದೆ. ವರ್ಗದ ಬದಲು ಬೇರೆ ಸೂತ್ರ ಹಾಕಿದರೂ ಹೈಪರ್‌ಓವಲ್ ಬರಬಹುದು. ಬೇಕಾದದ್ದು ಒಂದೇ: ಸೂತ್ರದ ನಕ್ಷೆಯ ಯಾವ ಬಿಂದುವಿನಲ್ಲಿ ನಿಂತು ನೋಡಿದರೂ ಉಳಿದ ಬಿಂದುಗಳ ಕಡೆಗಿನ ಇಳಿಜಾರುಗಳು ಎಲ್ಲವೂ ಬೇರೆ ಬೇರೆ ಇರಬೇಕು, ಯಾವುದೂ ಸೊನ್ನೆ ಆಗಬಾರದು. ನಕ್ಷೆಯ ಕ್ಯೂ ಬಿಂದು, ಅಡ್ಡ ದಿಕ್ಕು, ಮೇಲಿನ ದಿಕ್ಕು, ಒಟ್ಟು ಕ್ಯೂ+2. ಇಂಥ ಸೂತ್ರಗಳಿಗೆ ಓ-ಪಾಲಿನಾಮಿಯಲ್ ಅಂತ ಹೆಸರು. ಕ್ಷೇತ್ರದ ಗಾತ್ರ 2ರ ಬೆಸ ಘಾತವಾಗಿದ್ದರೆ, ಅಂದರೆ 32 ಅಥವಾ 128ರ ಥರ, ಆರನೇ ಘಾತವೂ ನಡೆಯುತ್ತದೆ ಅಂತ ಸೆಗ್ರೆಯೇ ತೋರಿಸಿದರು.

ಪಟ್ಟಿ ಮಾಡುವ ಮೊದಲು 'ಬೇರೆ' ಅಂದರೆ ಏನು ಅಂತ ನಿರ್ಧರಿಸಬೇಕು. ಬಿಂದುಗಳನ್ನು ಬಿಂದುಗಳಿಗೂ ಗೆರೆಗಳನ್ನು ಗೆರೆಗಳಿಗೂ ಕೊಂಡೊಯ್ಯುವ ಅದಲುಬದಲು ಒಂದು ಗುಂಪನ್ನು ಇನ್ನೊಂದರ ಮೇಲೆ ತಂದು ಕೂರಿಸಿದರೆ ಅವೆರಡೂ ಒಂದೇ. ದರ್ಜೆ 4ರಲ್ಲಿ 168 ಹೈಪರ್‌ಓವಲ್ ಇವೆ, ಈ ಲೆಕ್ಕದಲ್ಲಿ ಎಲ್ಲವೂ ಒಂದೇ. ದರ್ಜೆ 8ರಲ್ಲೂ ಕೋನಿಕ್ ಮತ್ತು ನ್ಯೂಕ್ಲಿಯಸ್ ಬಿಟ್ಟು ಬೇರೆ ಇಲ್ಲ.

16ರಲ್ಲಿ ಕಥೆ ತಿರುಗುತ್ತದೆ. 1958ರಲ್ಲಿ ಲುನೆಲ್ಲಿ ಮತ್ತು ಶೆ ಕಂಪ್ಯೂಟರಿನಲ್ಲಿ ಹುಡುಕಿ, ಕೋನಿಕ್‌ನಿಂದ ಬಾರದ ಒಂದು ಹೊಸ ಹೈಪರ್‌ಓವಲ್ ಕಂಡರು. ಎರಡರಲ್ಲೂ 18 ಬಿಂದುಗಳೇ, ಎರಡರಲ್ಲೂ ಪ್ರತಿ ಗೆರೆ ಸೊನ್ನೆ ಇಲ್ಲವೇ ಎರಡು ಬಿಂದುವಿನಲ್ಲಿ ಮುಟ್ಟುತ್ತದೆ. ಎಣಿಸಿ ನೋಡಿದರೆ ವ್ಯತ್ಯಾಸವೇ ಸಿಗುವುದಿಲ್ಲ. ವ್ಯತ್ಯಾಸ ಇರುವುದು ಸಮ್ಮಿತಿಯಲ್ಲಿ. ಹಳೆಯದನ್ನು ತನ್ನ ಮೇಲೇ ತಂದು ಕೂರಿಸುವ ಅದಲುಬದಲುಗಳು 16,320, ಅವೆಲ್ಲವೂ ನ್ಯೂಕ್ಲಿಯಸ್ಸನ್ನು ಕದಲಿಸುವುದೇ ಇಲ್ಲ. ಹೊಸದಕ್ಕೆ 144 ಮಾತ್ರ, ಆದರೆ ಅದರಲ್ಲಿ 18 ಬಿಂದುಗಳೂ ಸರಿಸಮಾನ, ಯಾವುದನ್ನು ಬೇಕಾದರೂ ಯಾವುದರ ಜಾಗಕ್ಕೂ ಕೊಂಡೊಯ್ಯಬಹುದು, ವಿಶೇಷ ಬಿಂದು ಅಂತ ಒಂದೂ ಇಲ್ಲ. ಸಮತಲದ ಒಟ್ಟು ಅದಲುಬದಲು 1710 ಕೋಟಿ ಚಿಲ್ಲರೆ. 16,320ರಿಂದ ಭಾಗಿಸಿದರೆ ಹಳೆಯ ಜಾತಿಯವು 10,48,320. 144ರಿಂದ ಭಾಗಿಸಿದರೆ ಹೊಸ ಜಾತಿಯವು 11,88,09,600. ಅಪರೂಪದ್ದು ಅಂದುಕೊಂಡಿದ್ದೇ ಸಂಖ್ಯೆಯಲ್ಲಿ ನೂರು ಪಟ್ಟಿಗಿಂತ ಜಾಸ್ತಿ! ಸಮ್ಮಿತಿ ಕಡಿಮೆ ಇದ್ದಷ್ಟೂ ಪ್ರತಿಗಳು ಜಾಸ್ತಿ.

ಇವೆರಡೇನಾ, ಇನ್ನೂ ಇವೆಯಾ? 1975ರಲ್ಲಿ ಕಂಪ್ಯೂಟರ್ ಸಹಾಯದಿಂದ ಎರಡೇ ಅಂತ ತೋರಿಸಿದ್ದು ಯಾರು ಗೊತ್ತಾ? ಅದೇ ಮಾರ್ಷಲ್ ಹಾಲ್. 1991ರಲ್ಲಿ ಓ'ಕೀಫ್ ಮತ್ತು ಪೆಂಟಿಲಾ ಕಂಪ್ಯೂಟರ್ ಇಲ್ಲದೆಯೇ ಅದನ್ನು ಸಾಧಿಸಿದರು. 32ಕ್ಕೆ 1994ರಲ್ಲಿ ಪೆಂಟಿಲಾ ಮತ್ತು ರಾಯ್ಲ್ ಪಟ್ಟಿ ಮುಗಿಸಿದರು, ಅಲ್ಲಿ ಆರು ಜಾತಿ. ಅದರಲ್ಲಿ ಓ'ಕೀಫ್ ಮತ್ತು ಪೆಂಟಿಲಾ ಕಂಡುಹಿಡಿದ ಒಂದಕ್ಕೆ ಸಮ್ಮಿತಿ ಮೂರೇ ಮೂರು, ಅದು ಇವತ್ತಿಗೂ ಯಾವ ಕುಟುಂಬಕ್ಕೂ ಸೇರದೆ ಒಂಟಿಯಾಗಿದೆ. 64ಕ್ಕೆ 2019ರಲ್ಲಿ ವಾಂಡೆನ್‌ಡ್ರಿಷೆ ಪಟ್ಟಿ ಮುಗಿಸಿದರು, ಅಲ್ಲಿ ನಾಲ್ಕೇ. 1, 2, 6, 4 ಅಂತ ಏರಿ ಇಳಿಯುವ ಈ ಸಂಖ್ಯೆಗಳಲ್ಲಿ ಒಂದು ಲಯ ಹುಡುಕಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಸದ್ಯಕ್ಕೆ ಯಾರಿಗೂ ಸಿಕ್ಕಿಲ್ಲ.

ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ದುರ್ಗದಬೈಲ್‌ನ ಗಿರ್ಮಿಟ್ ಗಾಡಿಯ ಮೇಲಿನ ಕ್ಯೂಆರ್ ಸ್ಟಿಕರ್ ತೋರಿಸುತ್ತೇನೆ. ಎಣ್ಣೆ ಹತ್ತಿ ಮೂಲೆ ಕಿತ್ತು ಹೋದರೂ ಸ್ಕ್ಯಾನ್ ಆಗುತ್ತದೆ. ಒಳಗಿರುವುದು 256 ಸಂಖ್ಯೆಗಳ ಕ್ಷೇತ್ರದ ಮೇಲೆ ಕಟ್ಟಿದ ರೀಡ್-ಸೊಲೊಮನ್ ಕೋಡ್, ಅದರ ಅತಿ ಬಲದ ಮಟ್ಟದಲ್ಲಿ ಸುಮಾರು ಶೇ. 30ರಷ್ಟು ಮಾಹಿತಿ ಕೆಟ್ಟರೂ ಉಳಿದದ್ದರಿಂದ ಪೂರ್ತಿ ವಾಪಸ್ ಬರುತ್ತದೆ. ಮೂರು ಸಂಖ್ಯೆಗಳನ್ನು ಕಳಿಸಬೇಕು ಅಂದುಕೊಳ್ಳಿ. ಅವನ್ನು ಎರಡನೇ ಘಾತದ ಸೂತ್ರವೊಂದರ ಗುಣಾಂಕ ಮಾಡಿ, ಬೇರೆ ಬೇರೆ ಕಡೆ ಅದರ ಬೆಲೆ ಲೆಕ್ಕ ಹಾಕಿ ಎಲ್ಲವನ್ನೂ ಕಳಿಸಿ. ಯಾವ ಮೂರು ಬೆಲೆ ತಲುಪಿದರೂ ಸಾಕು. ಯಾಕೆ ಸಾಕು? ಪರವಲಯದ ಯಾವ ಮೂರು ಬಿಂದುವೂ ಒಂದೇ ಗೆರೆಯಲ್ಲಿ ಇಲ್ಲ ಅನ್ನುವುದಕ್ಕೆ. ಸಮತಲದ ಆರ್ಕೂ ಇಂಥ ಕೋಡೂ ಒಂದೇ ವಸ್ತುವಿನ ಎರಡು ರೂಪ.

ಬೆಸ-ಸಮದ ಈ ಭೇದ ಹೈಪರ್‌ಓವಲ್‌ಗೆ ಮಾತ್ರ ಅಂಟಿಕೊಂಡಿಲ್ಲ. ಪ್ರತಿ ಗೆರೆಯೂ ಸೊನ್ನೆ ಅಥವಾ ಎರಡು ಅನ್ನುವ ಬದಲು ಸೊನ್ನೆ ಅಥವಾ ನಾಲ್ಕು, ಸೊನ್ನೆ ಅಥವಾ ಎಂಟು ಅಂತ ಕೇಳಿ. ಇವಕ್ಕೆ ಮ್ಯಾಕ್ಸಿಮಲ್ ಆರ್ಕ್ ಅನ್ನುತ್ತಾರೆ. ಸಮ ದರ್ಜೆಯಲ್ಲಿ ಡೆನಿಸ್ಟನ್ 1969ರಲ್ಲಿ ಇವನ್ನು ಕಟ್ಟಿ ತೋರಿಸಿದರು. ಬೆಸ ದರ್ಜೆಯಲ್ಲಿ, ಒಂದೇ ಬಿಂದು, ಇಡೀ ಸಮತಲ, ಅಥವಾ ಒಂದು ಗೆರೆ ಬಿಟ್ಟು ಉಳಿದ ಸಮತಲ ಅನ್ನುವಂಥ ಸುಮ್ನೆ ಸಿಗುವವು ಬಿಟ್ಟರೆ ಒಂದೂ ಇಲ್ಲ ಅಂತ ಬಾಲ್, ಬ್ಲೊಕ್‌ಹಾಯ್ಸ್ ಮತ್ತು ಮಝೊಕ್ಕಾ 1997ರಲ್ಲಿ ಸಾಧಿಸಿದರು.

ಮುಂದಿನ ಮೆಟ್ಟಿಲು 128. ಆ ಸಮತಲದಲ್ಲಿ 16,513 ಬಿಂದುಗಳಿವೆ, ಹೈಪರ್‌ಓವಲ್ ಅಂದರೆ ಅವುಗಳಲ್ಲಿ 130. ಗೊತ್ತಿರುವ ಸೂತ್ರಗಳ ಕುಟುಂಬಗಳಿಂದ ಬರುವವು ಕೈಯಲ್ಲಿವೆ. ಅವನ್ನು ಬಿಟ್ಟು ಇನ್ನೊಂದು ಇಲ್ಲ ಅಂತ ಹೇಳುವ ಸಾಧನೆ ಇನ್ನೂ ಬರಬೇಕು. ಇನ್ನೊಂದು ಇದ್ದರೆ, ಅದನ್ನು ಯಾರಾದರೂ ತೋರಿಸಬೇಕು.